ಟ್ಯಾಟೂ ಬಗ್ಗೆ ಗುರುತಿಲ್ಲದವರನ್ನೇ ಯಾಕೆ ಕೇಳುತ್ತಾರೆ?

ಮಾನ್ಯ ಸಂಪಾದಕರೇ,

‘ಮುಂಗೈ ಮೇಲೆ ಹಾಕಿಸಲಾ, ತೋಳಿನ ಮೇಲಾ?’ ‘ಪಕ್ಕೆಲುಬಿನ ಹತ್ತಿರ ತುಂಬಾ ನೋಯುತ್ತಾ?’ ‘ಹುಡುಗಿ ಹೆಸರು ಹಾಕಿಸಬಹುದಾ?’ ಇಂಥ ಪ್ರಶ್ನೆಗಳನ್ನು ನಮ್ಮ ಹುಡುಗ ಹುಡುಗಿಯರು ಫೋನಿನಲ್ಲಿ, ಯಾವತ್ತೂ ಮುಖ ನೋಡದವರ ಮುಂದೆ ಇಡುತ್ತಾರೆ. ಇದನ್ನು ಕಂಡು ನನ್ನ ವಯಸ್ಸಿನವರು ನಗುವುದೇ ಜಾಸ್ತಿ. ಮೈ ನಿಂದು, ಊರವರನ್ನೆಲ್ಲ ಯಾಕೆ ಕೇಳ್ತೀಯಾ ಅಂತ. ನನಗೆ ನಗು ಬರುವುದಿಲ್ಲ. ಅವರು ಇನ್ಯಾರನ್ನು ಕೇಳಬೇಕಿತ್ತು, ಹೇಳಿ?

ಮನೆಯಲ್ಲಿ ಉತ್ತರ ಮೊದಲೇ ಗೊತ್ತು. ಅಪ್ಪ ಬಯ್ಯುತ್ತಾರೆ, ಅಮ್ಮ ಮದುವೆ ಮಾತು ತೆಗೆಯುತ್ತಾರೆ, ಸಂಜೆಯೊಳಗೆ ಸುದ್ದಿ ಚಿಕ್ಕಮ್ಮನ ಮನೆಗೂ ಸೋದರತ್ತೆಯ ಮನೆಗೂ ಮುಟ್ಟಿರುತ್ತದೆ. ಗೆಳೆಯರು ‘ಸೂಪರ್ ಮಗಾ, ಹಾಕ್ಸು’ ಅಂತಾರೆ. ಟ್ಯಾಟೂ ಅಂಗಡಿಯವನಿಗೆ ಅದು ಹೊಟ್ಟೆಪಾಡು, ಬೇಡ ಅಂತ ಅವನ್ಯಾಕೆ ಹೇಳುತ್ತಾನೆ? ಕಾಯಿಲೆ ಇಲ್ಲದೆ ಡಾಕ್ಟರ ಹತ್ತಿರ ಹೋಗಿ ಈ ಮಾತು ಎತ್ತೋಕೆ ಸಂಕೋಚ. ಗುರುತಿರುವ ಎಲ್ಲರಿಗೂ ಆ ಚರ್ಮದ ಮೇಲೆ ಏನೋ ಒಂದು ಲೆಕ್ಕ ಇರುತ್ತದೆ. ಗುರುತಿಲ್ಲದವನಿಗೆ ಮಾತ್ರ ಏನೂ ಇಲ್ಲ. ಅವನು ನಿಮ್ಮ ಮನೆಗೆ ಬಂದು ಚಾಡಿ ಹೇಳುವುದಿಲ್ಲ, ಮದುವೆ ಮನೆಯಲ್ಲಿ ಎದುರಾಗಿ ‘ಏನಮ್ಮಾ ಇದು’ ಅಂತ ಕೈ ಹಿಡಿದು ನೋಡುವುದಿಲ್ಲ. ಅದಕ್ಕೇ ಅವನನ್ನು ಕೇಳುವುದು. ಆದರೆ ಕಳೆದುಕೊಳ್ಳಲು ಏನೂ ಇಲ್ಲದವನ ‘ಹೂಂ’ ಬಹಳ ಅಗ್ಗದ ‘ಹೂಂ’. ತೊಂದರೆ ಇರುವುದು ಅಲ್ಲಿ.

ನಮ್ಮ ಅಜ್ಜಿಯರ ಕೈಯಲ್ಲಿ ಹಚ್ಚೆ ಇರಲಿಲ್ವಾ ಅಂತ ಕೆಲವರು ಕೇಳುತ್ತಾರೆ. ಇತ್ತು. ಕೊರವಂಜಿ ಬಂದು ಜಗಲಿಯ ಮೇಲೆ ಕೂತರೆ ಅಕ್ಕಪಕ್ಕದ ಹೆಂಗಸರೆಲ್ಲ ಸೇರುತ್ತಿದ್ದರು, ಒಬ್ಬರು ಹುಡುಗಿಯ ಕೈ ಹಿಡಿದುಕೊಂಡರೆ ಇನ್ನೊಬ್ಬರು ಅವಳನ್ನು ಮಾತಿಗೆಳೆಯುತ್ತಿದ್ದರು, ಸತ್ತಾಗ ಒಡವೆ ಬರಲ್ಲ ಹಚ್ಚೆ ಬರುತ್ತೆ ಅಂತ ಸಮಾಧಾನ ಬೇರೆ. ಎಲ್ಲಿ ಹಾಕಬೇಕು, ಏನು ಹಾಕಬೇಕು ಅನ್ನುವುದು ಆ ಹುಡುಗಿಯ ತಲೆನೋವೇ ಆಗಿರಲಿಲ್ಲ. ಅವಳನ್ನು ಯಾರೂ ಕೇಳಲಿಲ್ಲ ಅನ್ನುವುದೂ ನಿಜ, ಅದನ್ನೇನೂ ನಾನು ಹೊಗಳುತ್ತಿಲ್ಲ. ಈಗ ಎಲ್ಲವನ್ನೂ ತಾನೇ ಆರಿಸಬೇಕು, ಅದೂ ಒಬ್ಬಳೇ. ಹಾಗಾಗಿ ಕೇಳೋಕೆ ಜನರನ್ನು ಹುಡುಕುತ್ತಾಳೆ.

ಮದ್ದೂರಿನ ಹತ್ತಿರ ಇರುವ ನಮ್ಮ ಅಕ್ಕನ ಮಗ ಸೇನೆಗೆ ಸೇರಬೇಕು ಅಂತ ಬೆಳಗ್ಗೆ ಎದ್ದು ಓಡುತ್ತಾನೆ. ಅವನಿಗೆ ಅಪ್ಪು ಮುಖವನ್ನು ತೋಳಿನ ಮೇಲೆ ಹಾಕಿಸುವ ಆಸೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ನಮ್ಮ ಕಡೆ ಎಷ್ಟು ಎದೆ, ಎಷ್ಟು ತೋಳಿನ ಮೇಲೆ ಅವರ ಮುಖ ಬಂದಿದೆ ಅನ್ನುವುದು ನಿಮಗೂ ಗೊತ್ತು. ಇವನು ಡಿಸೈನ್ ಫೋಟೊವನ್ನು ಫೋನಿನಲ್ಲಿ ಹಾಕಿ ಅಭಿಪ್ರಾಯ ಕೇಳಿದ. ಕಣ್ಣು ಚೆನ್ನಾಗಿ ಬಂದಿದೆ, ಇನ್ನೂ ಸ್ವಲ್ಪ ಶೇಡ್ ಬೇಕು, ಕೆಳಗೆ ರೆಕ್ಕೆ ಹಾಕ್ಸು, ಜೈ ಅಪ್ಪು. ಎಲ್ಲರೂ ಪ್ರೀತಿಯಿಂದಲೇ ಹೇಳಿದ್ದು. ‘ನೀನು ಯಾವ ಕೆಲಸಕ್ಕೆ ಓದ್ತಿದ್ದೀಯಪ್ಪಾ’ ಅಂತ ಕೇಳಿದವರು ಒಬ್ಬರೂ ಇಲ್ಲ. ಸೇನೆಯ ನಿಯಮ ನೋಡಿ. ಮೊಣಕೈಯಿಂದ ಮಣಿಕಟ್ಟಿನವರೆಗೆ ಕೈಯ ಒಳಭಾಗ, ಮತ್ತೆ ಅಂಗೈಯ ಹಿಂಬದಿ, ಇಷ್ಟು ಜಾಗದಲ್ಲಿ ಮಾತ್ರ ಟ್ಯಾಟೂ ಇರಬಹುದು. ಬುಡಕಟ್ಟಿನವರ ರೂಢಿಯ ಹಚ್ಚೆಗೆ ವಿನಾಯಿತಿ ಇದೆ, ಉಳಿದವರಿಗೆ ತೋಳು, ಎದೆ, ಕುತ್ತಿಗೆ ಅಂದರೆ ಮೆಡಿಕಲ್‌ನಲ್ಲೇ ವಾಪಸ್. ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಪಡೆಗಳಲ್ಲಿ ಇನ್ನೂ ಬಿಗಿ. ಮುಂಗೈ ಒಳಭಾಗ ಅಂದರೆ ಎಡಗೈ ಮಾತ್ರ, ಯಾಕೆಂದರೆ ಸೆಲ್ಯೂಟ್ ಹೊಡೆಯುವುದು ಬಲಗೈಯಲ್ಲಿ. ಅಳತೆಯೂ ಆ ಭಾಗದ ಕಾಲು ಪಾಲಿಗಿಂತ ಕಡಿಮೆ ಇರಬೇಕು. ಮಂಡ್ಯ ಜಿಲ್ಲೆಯಲ್ಲಿ ಭರ್ತಿಗೆ ಅಂತ ಓಡುವ ಹುಡುಗರು ಎಷ್ಟಿದ್ದಾರೆ! ಅವರಿಗೆ ಓಟ ಕಲಿಸುವವರಾದರೂ ಇದನ್ನು ಮೊದಲ ದಿನವೇ ಹೇಳಬಾರದಾ?

ಗುರುತಿಲ್ಲದವರಿಂದ ಉಪಯೋಗವೇ ಇಲ್ಲ ಅಂತಲ್ಲ. ಎಲ್ಲಿ ಎಷ್ಟು ನೋಯುತ್ತದೆ, ಎಷ್ಟು ದುಡ್ಡು ಕೇಳುತ್ತಾರೆ, ಹೊಪ್ಪಳೆ ಏಳುವಾಗ ತುರಿಕೆ ಹೇಗಿರುತ್ತದೆ, ಇದನ್ನೆಲ್ಲ ಹಾಕಿಸಿಕೊಂಡವರೇ ಹೇಳಬೇಕು. ತೆಗೆಸಿದವರ ಮಾತಂತೂ ಚಿನ್ನ. ಲೇಸರ್ ಅಂದರೆ ಒಂದು ದಿನದ ಕೆಲಸ ಅಲ್ಲ, ವಾರಗಟ್ಟಲೆ ಬಿಟ್ಟು ಬಿಟ್ಟು ಹಲವು ಸಲ ಹೋಗಬೇಕು. ಕಪ್ಪು ಹೇಗೋ ಹೋಗುತ್ತದೆ, ಹಸಿರು ಹಟ ಮಾಡುತ್ತದೆ. ಹಾಕಿಸಿದ್ದಕ್ಕಿಂತ ತೆಗೆಸುವುದಕ್ಕೇ ದುಡ್ಡು ಜಾಸ್ತಿ. ಆದರೆ ಇದನ್ನು ಕೇಳುವವರು ಕಡಿಮೆ. ಬಹಳ ಜನ ಕೇಳುವುದು ಡಿಸೈನ್ ಹೇಗಿದೆ ಅಂತ. ಅದಕ್ಕೆ ಸಲಹೆ ಬೇಕಾಗಿಲ್ಲ, ಯಾರಾದರೂ ಒಬ್ಬರು ಸರಿ ಅಂದರೆ ಸಾಕು.

ನನಗೆ ನಿಜಕ್ಕೂ ಭಯವಾಗುವುದು ಊದಿದ ಕೈಯ ಫೋಟೊ ಹಾಕಿ ‘ಇದು ನಾರ್ಮಲ್ಲಾ’ ಅಂತ ಕೇಳುವುದನ್ನು ನೋಡಿದಾಗ. ಒಬ್ಬ ಅರಿಶಿಣ ಹಚ್ಚು ಅಂತಾನೆ, ಇನ್ನೊಬ್ಬ ಕೊಬ್ಬರಿ ಎಣ್ಣೆ. ಸೂಜಿ ಚರ್ಮದೊಳಗೆ ಒಂದೆರಡು ಮಿಲಿಮೀಟರ್ ಇಳಿದಿರುತ್ತದೆ, ಅದೊಂದು ಗಾಯ. ಮೊದಲ ಕೆಲವು ದಿನ ಸ್ವಲ್ಪ ಕೆಂಪಾಗಿ ಆಮೇಲೆ ಇಳಿದರೆ ಸರಿ. ಕೆಂಪು ಹರಡುತ್ತಾ ಹೋದರೆ, ಕೀವಾದರೆ, ಜ್ವರ ಬಂದರೆ ಫೋನ್ ಕೆಳಗಿಟ್ಟು ಡಾಕ್ಟರ ಹತ್ತಿರ ಹೋಗಬೇಕು. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮಂಡ್ಯದ ಮಿಮ್ಸ್‌ನಲ್ಲೂ ಚರ್ಮದ ವಿಭಾಗ ಇದೆ. ಗಾಯವಾದರೆ ಗಂಟು ಕಟ್ಟುವ ಮೈ ಇರುವವರು, ಸಕ್ಕರೆ ಕಾಯಿಲೆ ಇರುವವರು ಹಾಕಿಸುವ ಮುಂಚೆಯೇ ಒಮ್ಮೆ ಹೋಗಿ ಬರುವುದು ಒಳ್ಳೆಯದು.

ಸೂಜಿಯ ವಿಷಯ ಇನ್ನೂ ದೊಡ್ಡದು. ಒಬ್ಬರಿಗೆ ಚುಚ್ಚಿದ ಸೂಜಿಯನ್ನೇ ಇನ್ನೊಬ್ಬರಿಗೆ ಚುಚ್ಚಿದರೆ ಹೆಪಟೈಟಿಸ್ ಬಿ, ಸಿ, ಎಚ್ಐವಿ ಹರಡಬಹುದು. ಹಾಕಿಸಿಕೊಂಡ ಹೊಸತರಲ್ಲಿ ರಕ್ತ ಕೊಡಲು ಹೋದರೆ ವಾಪಸ್ ಕಳಿಸುವುದೂ ಇದಕ್ಕೇ. ಶಾಯಿಯ ಕಥೆ ಕೇಳಿ. 2025ರಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರೇ ಟ್ಯಾಟೂ ಶಾಯಿಯಲ್ಲಿ 22 ಬಗೆಯ ಲೋಹ ಸಿಕ್ಕಿದೆ, ನಿಯಮ ತರುವಂತೆ ಕೇಂದ್ರಕ್ಕೆ ಬರೆಯುತ್ತೇವೆ ಅಂದಿದ್ದರು. ನಿಯಮ ಬರುವಾಗ ಬರಲಿ. ಅಲ್ಲಿಯವರೆಗೆ ಪಾಲಿಕೆಯವರು ಅಂಗಡಿಗೆ ಲೈಸೆನ್ಸ್ ಕೊಡುವಾಗ ಸುಮ್ನೆ ಬೋರ್ಡಿನ ಅಳತೆ ನೋಡಿ ಬರದೆ, ಸೂಜಿ ಹೊಸ ಪ್ಯಾಕೆಟ್‌ನದಾ, ಬಳಸಿದ್ದನ್ನು ಎಲ್ಲಿ ಎಸೆಯುತ್ತಾರೆ ಅಂತ ನೋಡಬಹುದಲ್ವಾ? ಜಾತ್ರೆಗಳಲ್ಲಿ ಮಷೀನ್ ಹಿಡಿದು ನೆಲದ ಮೇಲೆ ಕೂರುವವರನ್ನು ಓಡಿಸಬೇಡಿ, ಅವರಿಗೆ ಸೂಜಿ, ಕೈಗವಸು ಕೊಟ್ಟು ಹೇಳಿಕೊಡಿ. ಓಡಿಸಿದರೆ ಅವರು ಮುಂದಿನ ಜಾತ್ರೆಗೆ ಹೋಗುತ್ತಾರೆ, ಅಷ್ಟೇ.

ನಿಮ್ಮ ಪತ್ರಿಕೆಗೂ ಒಂದು ಕೋರಿಕೆ. ವಾರಕ್ಕೊಮ್ಮೆ ಚರ್ಮದ ಡಾಕ್ಟರೊಬ್ಬರಿಂದ ಇಂಥ ಪ್ರಶ್ನೆಗಳಿಗೆ ಉತ್ತರ ಬರೆಸಿ. ಉಪದೇಶ ಬೇಡ, ‘ಈಗಿನ ಮಕ್ಕಳು’ ಅಂತ ಶುರು ಮಾಡುವುದಂತೂ ಬೇಡವೇ ಬೇಡ. ಕೇಳಿದವರ ಹೆಸರು, ಊರು ಎರಡನ್ನೂ ಹಾಕಬೇಡಿ. ಹಾಕಿದರೆ ಒಂದೇ ಒಂದು ಪ್ರಶ್ನೆಯೂ ಬರುವುದಿಲ್ಲ.

ಇತಿ,
ಒಬ್ಬ ಓದುಗಿ, ಕುವೆಂಪುನಗರ, ಮೈಸೂರು