ಎಂಟು ಪಂದ್ಯಗಳ ಲೆಕ್ಕ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನೀನು ಬ್ರಿಟನ್ನಿನ ಟಿವಿಯ ಪದ-ಅಂಕಿ ಆಟ ‘ಕೌಂಟ್‌ಡೌನ್’ಗೆ ಆಯ್ಕೆಯಾದ ಸುದ್ದಿ ಕೇಳಿದವರೆಲ್ಲ ಮೊದಲು ಕೇಳೋದು ದುಡ್ಡೆಷ್ಟು ಬರುತ್ತೆ ಅಂತ. ದುಡ್ಡಿಲ್ಲ. ಪಂದ್ಯ ಗೆದ್ದವರಿಗೆ ಒಂದು ಟೀಪಾಟ್, ಸರಣಿ ಗೆದ್ದವರಿಗೆ ಕಾರ್ಯಕ್ರಮದ ಮೊದಲ ನಿರೂಪಕ ರಿಚರ್ಡ್ ವೈಟ್ಲಿ ಹೆಸರಿನ ಟ್ರೋಫಿ. ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ಯಲ್ಲಿ ಪುಸ್ತಕ ಕೊಟ್ಟು ಕಳಿಸ್ತಾರಲ್ಲ, ಅದೇ ಜಾತಿಯದು ಅಂದರೆ ಅಜ್ಜಿಗೆ ಅರ್ಥವಾಗುತ್ತೆ.

1982ರ ನವೆಂಬರ್ 2ರಂದು ಬ್ರಿಟನ್ನಿನ ಚಾನೆಲ್ ಫೋರ್ ಶುರುವಾದಾಗ ಮೊಟ್ಟಮೊದಲು ಬಂದ ಕಾರ್ಯಕ್ರಮವೇ ಇದು. ಕಾರ್ಯಕ್ರಮಕ್ಕೆ ನಲವತ್ತು ದಾಟಿದೆ, ಆಡುವವರ ಆಯಸ್ಸು ಮಾತ್ರ ತೀರಾ ಕಮ್ಮಿ. ಗೆಲ್ಲುತ್ತಾ ಹೋದರೆ ಎಂಟು ಪಂದ್ಯ. ಎಂಟನ್ನೂ ಗೆದ್ದರೆ ‘ಆಕ್ಟೋಚಾಂಪ್’ ಅನ್ನಿಸಿಕೊಂಡು, ಸೋಲದೆಯೇ ಕುರ್ಚಿ ಬಿಟ್ಟು ಕೊಡಬೇಕು. ಸರಣಿಯ ಕೊನೆಗೆ ಮೊದಲ ಎಂಟು ಸ್ಥಾನದವರನ್ನು ಮತ್ತೆ ಕರೆಸ್ತಾರೆ: ಕ್ವಾರ್ಟರ್ ಫೈನಲ್, ಸೆಮಿ, ಫೈನಲ್. ಅಂದರೆ ಎಷ್ಟೇ ಚೆನ್ನಾಗಿ ಆಡಿದರೂ ಒಂದು ಸರಣಿಯಲ್ಲಿ ಹನ್ನೊಂದೇ ಪಂದ್ಯ. ಸ್ಥಾನ ಕೊಡುವಾಗ ಮೊದಲು ಗೆಲುವು ಎಣಿಸ್ತಾರೆ, ಗೆಲುವು ಸಮವಾದರೆ ಒಟ್ಟು ಅಂಕ ನೋಡ್ತಾರೆ. ಮೊದಲನೆಯವರಿಗೆ ಎಂಟನೆಯವರು ಎದುರಾಳಿ, ಎರಡನೆಯವರಿಗೆ ಏಳನೆಯವರು. ಹಾಗಾಗಿ ಇವತ್ತು ಇಪ್ಪತ್ತು ಅಂಕದಿಂದ ಗೆದ್ದೆ ಅಂತ ಕೊನೆಯ ಸುತ್ತುಗಳಲ್ಲಿ ಕೈಚೆಲ್ಲಿ ಕೂತರೆ, ಅದರ ದಂಡ ತಿಂಗಳುಗಳಾದ ಮೇಲೆ ಕ್ವಾರ್ಟರ್ ಫೈನಲ್‌ನಲ್ಲಿ ಕಟ್ಟಬೇಕಾಗುತ್ತೆ.

ಹದಿನೈದು ಸುತ್ತು ನಿನಗೆ ಗೊತ್ತೇ ಇದೆ: ಒಂಬತ್ತು ಇಂಗ್ಲಿಷ್ ಅಕ್ಷರದಲ್ಲಿ ಉದ್ದದ ಪದ ಹುಡುಕಿ ಅಕ್ಷರಕ್ಕೊಂದು ಅಂಕ ಗಳಿಸೋದು ಹತ್ತು, ಆರು ಅಂಕಿಬಿಲ್ಲೆ ಬಳಸಿ ಗುರಿ ಸಂಖ್ಯೆ ಮುಟ್ಟೋದು ನಾಲ್ಕು, ಕೊನೆಗೊಂದು ಕನನ್‌ಡ್ರಮ್, ಅಂದರೆ ಕಲಸಿದ ಒಂಬತ್ತಕ್ಷರದ ಪದ ಬಿಡಿಸೋದು. ಯೋಚನೆಯಿಲ್ಲದೆ ಅಂಕ ಸೋರಿಹೋಗುವುದು ಅಕ್ಷರದ ಸುತ್ತಿನಲ್ಲಿ, ಅದೂ ಪದ ಹೊಳೆಯದೆ ಅಲ್ಲ, ಹೊಳೆದ ಪದವನ್ನು ಘೋಷಿಸುವುದೋ ಬೇಡವೋ ಅನ್ನುವಲ್ಲಿ. ನಿನ್ನ ಹತ್ತಿರ ಖಚಿತವಾದ ಏಳಕ್ಷರದ ಪದವಿದೆ, ಅನುಮಾನದ ಎಂಟಕ್ಷರದ್ದೂ ಇದೆ ಅಂದುಕೋ. ಎದುರಾಳಿ ಮೊದಲು ‘ಏಳು’ ಅಂದರು. ನೀನೂ ಏಳು ಅಂದರೆ ಇಬ್ಬರಿಗೂ ಏಳು, ಅಂತರ ಸೊನ್ನೆ. ಎಂಟು ಅಂದು ಅದು ನಿಘಂಟಿನಲ್ಲಿದ್ದರೆ ನಿನಗೆ ಎಂಟು, ಅವರಿಗೆ ಏನೂ ಇಲ್ಲ. ಇಲ್ಲದಿದ್ದರೆ ನಿನಗೆ ಸೊನ್ನೆ, ಅವರಿಗೆ ಏಳು. ಪಂದ್ಯ ಗೆಲ್ಲೋದಷ್ಟೇ ಲೆಕ್ಕವಾದರೆ ಅರ್ಧದಷ್ಟು ನಂಬಿಕೆ ಇದ್ದರೂ ಎಂಟು ಅನ್ನಬಹುದು. ಒಟ್ಟು ಅಂಕದ ಲೆಕ್ಕಕ್ಕೆ ಅದು ಸಾಲದು, ಎಂಟರಲ್ಲಿ ಏಳು ಸಲ ಸರಿಯಾಗುವಷ್ಟು ನಂಬಿಕೆ ಬೇಕು. ಅವರು ‘ಆರು’ ಅಂದಿದ್ದರೆ ಎಂಟರ ಗೋಜಿಗೇ ಹೋಗಬೇಡ, ನಿನ್ನ ಏಳೇ ಸುತ್ತು ಗೆದ್ದುಕೊಡುತ್ತೆ. ಅವರು ‘ಎಂಟು’ ಅಂದಿದ್ದರೆ ಮಾತ್ರ ಏಳು ಹಿಡಿದುಕೊಂಡು ಕೂರೋದು ದಂಡ; ಅವರ ಪದ ತಪ್ಪಾದರಷ್ಟೇ ಅದಕ್ಕೆ ಬೆಲೆ. ಆಗ ಧೈರ್ಯವಾಗಿ ಹೇಳಿಬಿಡು. ಅಕ್ಷರ ಕೇಳಿದವರೇ ಮೊದಲು ಘೋಷಿಸಬೇಕಾದ್ದರಿಂದ ಈ ಅನುಕೂಲ ಸಿಗುವುದು ಅವರ ಸರದಿಯ ಸುತ್ತುಗಳಲ್ಲಿ.

ಪದ ತಿರಸ್ಕೃತವಾಗುವ ಜಾಗಗಳೂ ಹೆಚ್ಚೂಕಮ್ಮಿ ಇಷ್ಟೇ. ಎರಡು ಉಚ್ಚಾರಾಂಶದ ಗುಣವಾಚಕಕ್ಕೆ ‘-ಅರ್’, ‘-ಎಸ್ಟ್’ ಹಚ್ಚೋದು, ಅದನ್ನು ನಿಘಂಟೇ ತೋರಿಸಿರಬೇಕು. ಯಾವುದೋ ಕ್ರಿಯಾಪದಕ್ಕೆ ‘-ಅರ್’ ಹಚ್ಚಿ ಮಾಡುವವನು ಅನ್ನೋ ಪದ ಹುಟ್ಟಿಸೋದು. ಹೈಫನ್ ಇರುವ ಪದ, ದೊಡ್ಡಕ್ಷರದಿಂದ ಶುರುವಾಗುವ ಪದ. ತೀರ್ಪು ಆಕ್ಸ್‌ಫರ್ಡ್ ನಿಘಂಟಿನದು, ಕಾರ್ಯಕ್ರಮದ ನಿಘಂಟು ತಜ್ಞೆ ಸೂಸಿ ಡೆಂಟ್ ಅವರ ದಾಕ್ಷಿಣ್ಯದ್ದಲ್ಲ. ಸ್ಕ್ರ್ಯಾಬಲ್ ಆಡಿ ಬಂದವರು ಇಲ್ಲೇ ಎಡವೋದು, ಆ ಪದಪಟ್ಟಿಯೇ ಬೇರೆ.

ಕಲಿಯುವಾಗ ಒಂಟಿ ಪದ ಉರುಹೊಡೆಯಬೇಡ, ಗುಂಪಾಗಿ ಕಲಿ. ಎ, ಇ, ಐ, ಎನ್, ಆರ್, ಎಸ್, ಟಿ ಏಳೂ ಬಂದರೆ ‘ರಿಟೇನ್ಸ್’ ಕೈಯಲ್ಲಿದೆ. ಜೊತೆಗೆ ಸಿ ಬಂದರೆ ‘ಕ್ಯಾನಿಸ್ಟರ್’, ಡಿ ಬಂದರೆ ‘ಸ್ಟ್ರೇನ್ಡ್’, ಜಿ ಬಂದರೆ ‘ಗ್ಯಾಂಟ್ರೀಸ್’, ಎಲ್ ಬಂದರೆ ‘ಎಂಟ್ರೇಲ್ಸ್’, ಎಂ ಬಂದರೆ ‘ಮಿನರೆಟ್ಸ್’, ಪಿ ಬಂದರೆ ‘ಪೇಂಟರ್ಸ್’, ಓ ಬಂದರೆ ‘ನೋಟರೀಸ್’. ಒಂಬತ್ತಕ್ಷರದ್ದು ಸಿಕ್ಕರೆ ದುಪ್ಪಟ್ಟು, ಹದಿನೆಂಟು ಅಂಕ.

ಅಂಕಿಯ ಸುತ್ತಿನಲ್ಲಿ ಗುರಿ ಮುಟ್ಟಿದರೆ ಹತ್ತು, ಐದರೊಳಗೆ ಏಳು, ಹತ್ತರೊಳಗೆ ಐದು. ಮುಂದಿದ್ದಾಗ ಒಂದು ದೊಡ್ಡದು (25, 50, 75, 100ರಲ್ಲಿ), ಐದು ಚಿಕ್ಕದು (1ರಿಂದ 10ರವರೆಗಿನದು) ಕೇಳು. ಇಬ್ಬರಿಗೂ ಹತ್ತು ಬರುವ ಸಾಧ್ಯತೆಯೇ ಹೆಚ್ಚು, ಅಂತರ ಹಾಗೇ ಉಳಿಯುತ್ತೆ. ಹಿಂದಿದ್ದರೆ ನಾಲ್ಕೂ ದೊಡ್ಡದು ಕೇಳು. 1997ರಲ್ಲಿ ಜೇಮ್ಸ್ ಮಾರ್ಟಿನ್ ಆಡಿದ ಸುತ್ತನ್ನು ಬರೆದುಕೊಂಡು ನೋಡು: 25, 50, 75, 100, 3, 6, ಗುರಿ 952. ಅವರು 100ಕ್ಕೆ 6 ಕೂಡಿಸಿ 106, ಮೂರರಿಂದ ಗುಣಿಸಿ 318, 75ರಿಂದ ಗುಣಿಸಿ 23,850, ಅದರಲ್ಲಿ 50 ಕಳೆದು 23,800, 25ರಿಂದ ಭಾಗಿಸಿ 952 ಅಂದರು. ಜನ ಪವಾಡ ಅಂತ ಇವತ್ತಿಗೂ ಆ ವಿಡಿಯೋ ನೋಡ್ತಾರೆ. ಲೆಕ್ಕ ನಿಜಕ್ಕೂ ಅಷ್ಟು ಭಯಂಕರವಲ್ಲ. 318ರ ಮೂರು ಪಟ್ಟು 954, ಎರಡು ಕಳೆದರೆ 952. ಮೂರು ಬಂದದ್ದು 75ನ್ನು 25ರಿಂದ ಭಾಗಿಸಿ, ಎರಡು ಬಂದದ್ದು 50ನ್ನು 25ರಿಂದ ಭಾಗಿಸಿ. ಆದರೆ 25ರ ಬಿಲ್ಲೆ ಇರುವುದು ಒಂದೇ, ಅದನ್ನು ಎರಡು ಸಲ ಬಳಸುವ ಹಾಗಿಲ್ಲ. ಅದಕ್ಕೇ ಭಾಗಾಕಾರವನ್ನು ಕೊನೆಗೆ ತಳ್ಳಬೇಕು. ಇದೇ ದಾರಿಯಲ್ಲಿ ಯಾವುದೇ ಸಂಖ್ಯೆಯ ಮೂರು ಪಟ್ಟಿಗೆ ಎರಡು ಕೂಡಿಸಬಹುದು, ಕಳೆಯಬಹುದು. 100ರಿಂದ ಗುಣಿಸಿ, 75 ಕೂಡಿಸಿಯೋ ಕಳೆದೋ, 25ರಿಂದ ಭಾಗಿಸಿದರೆ ನಾಲ್ಕು ಪಟ್ಟಿಗೆ ಮೂರು ಹೆಚ್ಚು ಅಥವಾ ಕಡಿಮೆ. ಭಿನ್ನರಾಶಿ, ಋಣಸಂಖ್ಯೆ ನಡುವೆ ಎಲ್ಲೂ ಬರಕೂಡದು. ಬಳಸಿದ ಬಿಲ್ಲೆಯನ್ನು ಹಾಳೆಯ ಮೇಲೆ ಆಗಲೇ ಹೊಡೆದುಹಾಕು. ವಿವರಿಸುವಾಗ ಒಂದೇ ಬಿಲ್ಲೆ ಎರಡು ಸಲ ಬಂದರೆ ಸೊನ್ನೆ.

ಕನನ್‌ಡ್ರಮ್‌ಗೆ ಹತ್ತು ಅಂಕ, ಮೊದಲು ಬಜರ್ ಒತ್ತಿದವರಿಗೆ. ಒಬ್ಬರಿಗೆ ಒಂದೇ ಉತ್ತರ. ಹನ್ನೊಂದು ಅಂಕ ಮುಂದಿದ್ದರೆ ಹೇಗೂ ಗೆಲುವು ನಿನ್ನದೇ, ಹೊಳೆದದ್ದನ್ನು ಹೇಳಿಬಿಡು, ಸರಿಯಾದರೆ ಒಟ್ಟು ಅಂಕಕ್ಕೆ ಹತ್ತು ಸೇರುತ್ತೆ. ಹತ್ತೋ ಅದಕ್ಕಿಂತ ಕಡಿಮೆಯೋ ಆದರೆ ತಪ್ಪು ಉತ್ತರ ಕೊಟ್ಟ ತಕ್ಷಣ ಉಳಿದ ಸೆಕೆಂಡುಗಳೆಲ್ಲ ಎದುರಾಳಿಯ ಪಾಲು. ಅಕ್ಷರಗಳನ್ನು ಬೇಕಂತಲೇ ಏನೋ ಅರ್ಥ ಬರುವ ಹಾಗೆ ಜೋಡಿಸಿರ್ತಾರೆ, ಕಣ್ಣು ಅಲ್ಲೇ ಅಂಟಿಕೊಳ್ಳುತ್ತೆ. ಅವನ್ನು ಹಾಳೆಯಲ್ಲಿ ವೃತ್ತಾಕಾರವಾಗಿ ಬರೆದುಕೋ.

ಆಡಿದವರು ಆಮೇಲೆ ಏನಾದರು ಅಂತ ಕೇಳಿದ್ದೆಯಲ್ಲ. ಡೇಮಿಯನ್ ಈಡಿ 1994ರ ಸರಣಿ ಗೆದ್ದು ಮುಂದೆ ಅದೇ ಕಾರ್ಯಕ್ರಮದ ನಿರ್ಮಾಪಕರಾದರು. 1993ರ ವಿಶ್ವ ಸ್ಕ್ರ್ಯಾಬಲ್ ಚಾಂಪಿಯನ್ ಮಾರ್ಕ್ ನೈಮನ್ ಕೂಡ ಸ್ಪರ್ಧಿಯಾಗಿ ಬಂದು ನಿರ್ಮಾಪಕರಾದವರೇ. ಕಾನರ್ ಟ್ರಾವರ್ಸ್ 2006ರಲ್ಲಿ ಸರಣಿ ಗೆದ್ದಾಗ ಹದಿನಾಲ್ಕು ವರ್ಷದ ಹುಡುಗ. ಫುಟ್‌ಬಾಲ್ ಆಟಗಾರ ಕ್ಲಾರ್ಕ್ ಕಾರ್ಲೈಲ್ 2010ರಲ್ಲಿ ಎರಡು ಪಂದ್ಯ ಗೆದ್ದು ಹೊರಬಿದ್ದರು. ಉಳಿದವರೆಲ್ಲ ಟೀಪಾಟ್ ಹಿಡಿದು ಸೋಮವಾರ ಕೆಲಸಕ್ಕೆ ಹೋದವರು.

ಸಾಲ್ಫರ್ಡ್‌ನ ಮೀಡಿಯಾಸಿಟಿಯಲ್ಲಿ ಒಂದೇ ದಿನ ಐದು ಕಂತು ಚಿತ್ರೀಕರಿಸ್ತಾರೆ. ಬೆಳಗ್ಗೆ ಗೆದ್ದವಳು ಸಂಜೆಗೆ ಐದನೆಯ ಪಂದ್ಯ ಆಡುತ್ತಿರಬಹುದು, ಎದುರಿಗೆ ಬಂದವರಿಗೆ ಅದು ಮೊದಲನೆಯದು. ಅಭ್ಯಾಸವನ್ನೂ ಹಾಗೇ ಮಾಡು: ಒಂದೊಂದೇ ಪಂದ್ಯವಲ್ಲ, ಸಾಲಾಗಿ ಐದು. ನಾಲ್ಕನೆಯದರಲ್ಲಿ ಅಂಕ ಎಷ್ಟು ಇಳಿಯುತ್ತೆ ಅಂತ ಬರೆದಿಡು. ಪ್ರತಿ ಕಂತಿಗೂ ಬೇರೆ ಮೇಲುಡುಪು ಬೇಕು, ಐದು ಜೊತೆ ತಗೊಂಡು ಹೋಗು.

ಇಂತಿ,
ಅಮ್ಮ