ಮಲ್ಚರ್ ಸರ್ವೀಸ್ ಅರ್ಧಕ್ಕೇ ನಿಂತಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಸರ್ವೀಸ್ ವಿಭಾಗ

ವಿಷಯ: 250 ಗಂಟೆಯ ಸರ್ವೀಸ್‌ನಲ್ಲಿ ಮಲ್ಚರ್ ಹೆಡ್‌ನ ಕೆಲಸ ಮಾಡದೆ ಬಿಟ್ಟಿರುವುದು

ಮಾನ್ಯರೇ,

ಮರ, ಪೊದೆ ಪುಡಿ ಮಾಡುವ ನಮ್ಮ ಮಲ್ಚರ್ ನಿಮ್ಮ ವಾರ್ಷಿಕ ನಿರ್ವಹಣೆ ಒಪ್ಪಂದದಲ್ಲಿದೆ. ನಿಮ್ಮ ಮೆಕ್ಯಾನಿಕ್ ಬಂದು, ಯಂತ್ರ 250 ಗಂಟೆ ಓಡಿದಮೇಲೆ ಮಾಡುವ ಸರ್ವೀಸ್ ಮಾಡಿ ಹೋದರು. ಎಂಜಿನ್ ಆಯಿಲ್, ಫಿಲ್ಟರ್ ಎಲ್ಲ ಸರಿಯಾಗಿ ಬದಲಾಗಿವೆ. ಅದರ ಬಗ್ಗೆ ತಕರಾರಿಲ್ಲ. ಆದರೆ ಮರ ಪುಡಿ ಮಾಡುವ ಭಾಗವಾದ ಹೆಡ್‌ನಲ್ಲಿ, ಮುರಿದಿದ್ದ ಒಂದು ಹಲ್ಲಿನ ಜಾಗಕ್ಕೆ ಹೊಸದು ಹಾಕಿದ್ದು ಬಿಟ್ಟರೆ ಬೇರೆ ಯಾವ ಕೆಲಸವೂ ಆಗಿಲ್ಲ. ಜಾಬ್ ಕಾರ್ಡ್‌ನಲ್ಲಿ ಮಾತ್ರ ಎಲ್ಲದಕ್ಕೂ ಟಿಕ್ ಬಿದ್ದಿದೆ.

ಇದನ್ನು ಸುಮ್ನೆ ಹೇಳುತ್ತಿಲ್ಲ. ಹೆಡ್‌ನಲ್ಲಿ ಹಲ್ಲುಗಳನ್ನು ಹೊತ್ತು ತಿರುಗುವ ರೋಟರ್‌ನ ಎರಡೂ ತುದಿಯಲ್ಲಿ ಬೇರಿಂಗ್ ಇದೆ. ಒಂದು ಕಡೆಯ ಗ್ರೀಸ್ ನಿಪ್ಪಲ್, ಅಂದರೆ ಗ್ರೀಸ್ ತುಂಬುವ ಬಾಯಿ, ಹೊರಗೇ ಕಾಣುತ್ತದೆ. ಬೆಲ್ಟ್ ಇರುವ ಕಡೆಯದು ಕವರ್‌ನ ಒಳಗಿದೆ, ಬೋಲ್ಟ್ ಬಿಚ್ಚದೆ ಅಲ್ಲಿಗೆ ಗ್ರೀಸ್ ಗನ್ ಹೋಗುವುದೇ ಇಲ್ಲ. ಸರ್ವೀಸ್ ಆದಮೇಲೆ ನೋಡಿದರೆ ಆ ಬೋಲ್ಟ್‌ಗಳ ತಲೆಯ ಮೇಲೆ ಮರದ ಅಂಟು, ಧೂಳು ಹಾಗೇ ಗಟ್ಟಿಯಾಗಿ ಕೂತಿತ್ತು. ಎಂಜಿನ್ ಆಫ್ ಮಾಡಿ, ಕೀಲಿ ತೆಗೆದು, ರೋಟರ್ ಪೂರ್ತಿ ನಿಂತಮೇಲೆ ನಾವೇ ಕವರ್ ತೆಗೆದೆವು. ನಿಪ್ಪಲ್ ಬಾಯಿ ಹೊಟ್ಟಿನಿಂದ ಮುಚ್ಚಿಹೋಗಿತ್ತು. ಹೊಸ ಗ್ರೀಸಿನ ಗುರುತೇ ಇರಲಿಲ್ಲ. ಕವರ್ ತೆಗೆದೇ ಇಲ್ಲ ಅಂದಮೇಲೆ ಬೆಲ್ಟ್‌ನ ಬಿಗಿ ನೋಡಿದ್ದು ಹೇಗೆ? ಅದಕ್ಕೂ ಟಿಕ್ ಇದೆಯಲ್ಲ! ಸಡಿಲ ಬೆಲ್ಟ್ ಜಾರುತ್ತದೆ, ಬಿಸಿಯಾಗುತ್ತದೆ, ಬೇಗ ಸುಟ್ಟುಹೋಗುತ್ತದೆ. ನಿಮಗೆ ಗೊತ್ತಿರದ ವಿಷಯವೇನಲ್ಲ.

ಇನ್ನೊಂದು ಕಡೆಯ ಬೇರಿಂಗ್‌ಗಾದರೂ ಗ್ರೀಸ್ ತುಂಬಿದ್ದರೆ ಅದು ಯಾವುದು ಅಂತ ಕೇಳಿದೆವು. ಉತ್ತರ ಬರಲಿಲ್ಲ. ಕೈಪಿಡಿಯಲ್ಲಿ ಹೇಳಿರುವುದು ಲಿಥಿಯಂ ಕಾಂಪ್ಲೆಕ್ಸ್ ಗ್ರೀಸ್. ಅದಕ್ಕೆ ಹೊಂದದ ಇನ್ನೊಂದು ಜಾತಿಯ ಗ್ರೀಸ್ ಬೆರೆತರೆ ಎರಡೂ ಸೇರಿ ನೀರಾಗಿ ಹೊರಗೆ ಹರಿದುಹೋಗಬಹುದು. ಹಾಗಾಗಿ ಇದನ್ನು ತಿಳಿದುಕೊಳ್ಳುವ ಹಕ್ಕು ನಮಗಿದೆ.

ಈಗ ಆ ಹಲ್ಲಿನ ವಿಷಯ. ಸವೆದ ಹಲ್ಲುಗಳ ನಡುವೆ ಒಂದೇ ಒಂದು ಹೊಸ ಹಲ್ಲು ಕೂರಿಸಿದ್ದಾರೆ. ಅದರ ಎದುರು ಬದಿಯ ಹಲ್ಲು ಹಳೆಯದೇ. ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ರೋಟರ್‌ನಲ್ಲಿ ಒಂದು ಕಡೆ ತೂಕ ಜಾಸ್ತಿಯಾದರೆ ಏನಾಗುತ್ತದೆ? ಇಡೀ ಹೆಡ್ ನಡುಗುತ್ತದೆ, ಬೋಲ್ಟ್ ಸಡಿಲವಾಗುತ್ತದೆ, ಕೊನೆಗೆ ಪೆಟ್ಟು ಬೀಳುವುದು ಬೇರಿಂಗ್‌ಗೆ. ಅದೂ ಗ್ರೀಸ್ ಕಾಣದ ಬೇರಿಂಗ್‌ಗೆ. ಫೋನ್ ಮಾಡಿದಾಗ ನಿಮ್ಮವರು "ಮಲ್ಚರ್ ಅಂದಮೇಲೆ ನಡುಗದೇ ಇರುತ್ತಾ?" ಅಂದರು. ಮರಕ್ಕೆ ತಾಗಿದಾಗ ನಡುಗಿದರೆ ನಾವೂ ಒಪ್ಪುತ್ತೇವೆ. ಇದು ಖಾಲಿ ತಿರುಗುವಾಗಲೇ ನಡುಗುತ್ತಿದೆ, ಸರ್ವೀಸ್‌ಗೆ ಮುಂಚೆ ಹೀಗಿರಲಿಲ್ಲ. ಬೆಲ್ಟ್ ಕಡೆಯ ಬೇರಿಂಗ್ ಇರುವ ಭಾಗ ಕೈ ಇಡಲಾಗದಷ್ಟು ಬಿಸಿಯಾಗುತ್ತಿದೆ. ಅದಕ್ಕೇ ಕೆಲಸ ನಿಲ್ಲಿಸಿದ್ದೇವೆ.

ಇನ್ನೊಂದು ಮಾತು, ಇದು ಯಂತ್ರಕ್ಕಿಂತ ದೊಡ್ಡದು. ಎಂಜಿನ್ ಓಡುತ್ತಿರುವಾಗಲೇ ನಿಮ್ಮ ಮೆಕ್ಯಾನಿಕ್ ಹೈಡ್ರಾಲಿಕ್ ಹೋಸ್ ಮೇಲೆ ಬರಿಗೈ ಆಡಿಸಿ ಲೀಕ್ ಹುಡುಕುತ್ತಿದ್ದರು. ಸೂಜಿ ತೂತಿನಿಂದ ಚಿಮ್ಮುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ತಕ್ಷಣ ಆಸ್ಪತ್ರೆಗೆ ಸೇರಿಸದಿದ್ದರೆ ಬೆರಳು, ಕೈ ಕಳೆದುಕೊಳ್ಳಬೇಕಾಗಬಹುದು. ರಟ್ಟಿನ ತುಂಡು ಹಿಡಿದು ನೋಡಿ ಅಂತ ನಾವೇ ಹೇಳಬೇಕಾಯಿತು. ಆ ಹುಡುಗನನ್ನು ಬೈಯಬೇಡಿ, ದಯವಿಟ್ಟು ಸರಿಯಾಗಿ ಕಲಿಸಿ.

ಅನುಭವ ಇರುವ ಮೆಕ್ಯಾನಿಕ್ ಒಬ್ಬರನ್ನು ಕೂಡಲೇ ಕಳಿಸಿ. ಎರಡೂ ಬೇರಿಂಗ್ ಪರೀಕ್ಷೆ ಆಗಬೇಕು. ಹಾಳಾಗಿದ್ದರೆ ಧೂಳು ತಡೆಯುವ ಸೀಲ್ ಸಮೇತ ನಿಮ್ಮ ಖರ್ಚಿನಲ್ಲೇ ಹಾಕಿಕೊಡಬೇಕು. ಹಲ್ಲುಗಳನ್ನು ಎದುರುಬದುರು ಜೋಡಿಯಾಗಿ ಸರಿಮಾಡಿ, ಬಿಗಿಯ ಅಳತೆ ತೋರಿಸುವ ಟಾರ್ಕ್ ರೆಂಚ್‌ನಿಂದಲೇ ಬಿಗಿಯಬೇಕು, ಅಂದಾಜಿನಲ್ಲಿ ಅಲ್ಲ. ರೋಟರ್ ತುದಿಗೆ ಸುತ್ತಿಕೊಂಡಿರುವ ಬಳ್ಳಿ, ತಂತಿಯನ್ನೂ ತೆಗೆಸಿ, ಅದು ಸೀಲ್ ಕೊಯ್ಯುತ್ತದೆ. ಮಾಡದ ಕೆಲಸಕ್ಕೆ ಪಡೆದ ಹಣ ವಾಪಸ್ ಕೊಡಿ, ನಿಜವಾಗಿ ಮಾಡಿದ್ದನ್ನು ಮಾತ್ರ ಬರೆದ ಹೊಸ ಜಾಬ್ ಕಾರ್ಡ್ ಕೊಡಿ.

ಕವರ್ ಬೋಲ್ಟ್ ಮತ್ತು ನಿಪ್ಪಲ್‌ನ ಫೋಟೋ, ಖಾಲಿ ತಿರುಗುವಾಗಿನ ವಿಡಿಯೋ, ಜಾಬ್ ಕಾರ್ಡ್‌ನ ಪ್ರತಿ ಈ ಪತ್ರದ ಜೊತೆಗಿವೆ. ಉತ್ತರವನ್ನು ಫೋನಿನಲ್ಲಿ ಬೇಡ, ಬರವಣಿಗೆಯಲ್ಲೇ ಕೊಡಿ.

ಇಂತಿ,
ನಿಮ್ಮ ಗ್ರಾಹಕ