ಈ ಡಿಸೆಂಬರ್ ಪುಣೆಗೆ ಬಾ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಓದಿದೆ. "ಎಲ್ಲ ಹಾಡೂ ಮೊಬೈಲಲ್ಲೇ ಸಿಗುವಾಗ ಸವಾಯಿ ಗಂಧರ್ವ ಮಹೋತ್ಸವಕ್ಕೆ ಅಂತ ಪುಣೆವರೆಗೂ ಯಾಕೆ ಹೋಗಬೇಕು?" ಅಂತ ಕೇಳಿದ್ದೀಯ. ಫೋನಲ್ಲಿ ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸೋಕೆ ಮನಸ್ಸಾಗಲಿಲ್ಲ. ಕೂತು ಬರೆಯುತ್ತಿದ್ದೇನೆ, ಬಿಡುವು ಮಾಡಿಕೊಂಡು ಓದು.

ನಾನು ಮೊದಲ ಸಲ ಹೋಗಿದ್ದು 2011ರ ಡಿಸೆಂಬರಿನಲ್ಲಿ. ಆ ವರ್ಷ ಜನವರಿ 24ರಂದು ಹಿಂದೂಸ್ತಾನಿ ಗಾಯಕ ಭೀಮಸೇನ ಜೋಶಿ ತೀರಿಕೊಂಡಿದ್ದರು. ನಮ್ಮ ಧಾರವಾಡದ ಕಡೆ ಆವತ್ತು ಹೇಗಿತ್ತು ಅಂತ ನಿನಗೆ ಹೇಳಬೇಕಾಗಿಲ್ಲ. ಮನೆಮನೆಯಲ್ಲೂ ಅವರದೇ ದನಿ. ಅಪ್ಪ ಊಟಕ್ಕೂ ಏಳದೆ ರೇಡಿಯೋ ಹತ್ತಿರವೇ ಕೂತಿದ್ದರು. 1953ರಲ್ಲಿ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ ಅಂತ ಭೀಮಸೇನರು ಶುರು ಮಾಡಿದ ಹಬ್ಬ ಅದು. ಅವರಿಲ್ಲದೆ ನಡೆಯುವ ಮೊದಲ ಹಬ್ಬಕ್ಕಾದರೂ ಹೋಗಲೇಬೇಕು ಅನ್ನಿಸಿತು. ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಹತ್ತಿದೆ. ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರ ಎಲ್ಲ ನಿದ್ದೆಯಲ್ಲೇ ದಾಟಿದವು.

ಆಗ ಹಬ್ಬ ನಡೆಯುತ್ತಿದ್ದದ್ದು ಹಳೇ ಪುಣೆಯ ನಡುವೆ, ರಮಣಬಾಗ್ ಶಾಲೆಯ ಮೈದಾನದಲ್ಲಿ. ಮಧ್ಯಾಹ್ನವೇ ಗೇಟಿನಾಚೆ ಉದ್ದ ಸಾಲು. ಸಂಗೀತ ಕೇಳೋಕೆ ಅಷ್ಟು ಜನ ಸಾಲು ನಿಂತಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಕೈಯಲ್ಲಿ ದಿಂಬು, ಚಾಪೆ, ಶಾಲು, ಊಟದ ಡಬ್ಬಿ. ಕಾಲೇಜು ಹುಡುಗ ಹುಡುಗಿಯರು ಎಷ್ಟಿದ್ದರೋ ಕೋಲೂರಿಕೊಂಡು ಬಂದ ಅಜ್ಜ ಅಜ್ಜಿಯರೂ ಅಷ್ಟೇ ಇದ್ದರು. ಒಳಗೆ ಆಕಾಶದಷ್ಟು ದೊಡ್ಡ ಪೆಂಡಾಲು. ಮುಂದೆ ಸೋಫಾ, ಕುರ್ಚಿ. ಉಳಿದಿದ್ದೆಲ್ಲ ನೆಲದ ಮೇಲಿನ ಬೈಠಕ್. ನೀನು ಬಂದರೆ ನೆಲದ ಮೇಲೇ ಕೂರಬೇಕು ಕಣೋ. ಹಬ್ಬದ ಜೀವ ಇರುವುದು ಅಲ್ಲಿ.

ನನ್ನ ಪಕ್ಕ ಒಬ್ಬ ಹಿರಿಯರು ಕೂತಿದ್ದರು. ತೊಡೆ ಮೇಲೆ ರಟ್ಟು ಹಾಕಿದ ಉದ್ದ ನೋಟುಬುಕ್ಕು. ಪ್ರತಿ ಪುಟದಲ್ಲೂ ಸ್ಕೇಲಿಟ್ಟು ಗೆರೆ ಹೊಡೆದು ಅಂಕಣ ಮಾಡಿಕೊಂಡಿದ್ದರು: ಹಾಡಿದವರು, ರಾಗ, ತಾಳ, ಬಂದಿಶಿನ (ಹಾಡುವ ಕೃತಿಯ) ಮೊದಲ ಮಾತು. ವರ್ಷಗಟ್ಟಲೆ ಬರೆದಿದ್ದು. ಹಳೇ ಪುಟಗಳಲ್ಲಿ ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು. ಸಂಜೆ ಆರರ ಹೊತ್ತಿಗೆ ವೇದಿಕೆ ಮೇಲೆ ಒಬ್ಬ ಯುವ ಗಾಯಕ ಬಂದು ಕೂತ. ತಂಬೂರಿ ಶ್ರುತಿಯಾಗುತ್ತಿದ್ದ ಹಾಗೆ ಅಷ್ಟು ದೊಡ್ಡ ಪೆಂಡಾಲಿನ ಗುಜುಗುಜು ತಾನಾಗಿ ನಿಂತುಹೋಯಿತು. ಯಾರೂ "ಶ್!" ಅನ್ನಲಿಲ್ಲ. ಆಲಾಪ, ಅಂದರೆ ತಾಳವಿಲ್ಲದೆ ರಾಗವನ್ನು ನಿಧಾನವಾಗಿ ಬಿಡಿಸುವುದು, ಶುರುವಾಯಿತು. ನಮ್ಮ ಸುತ್ತ ಪಿಸುಮಾತು: "ಪೂರಿಯಾ?" "ಅಲ್ಲ, ಮಾರವಾ." ಹಿರಿಯರು ಪೆನ್ನು ತೆಗೆದು ಕೈಯಲ್ಲಿ ಹಿಡಿದಿದ್ದರು, ಆದರೆ ಬರೆಯಲಿಲ್ಲ.

ಈ ಎರಡು ರಾಗಗಳಿಗೂ ಸ್ವರಗಳು ಒಂದೇ. ಎರಡರಲ್ಲೂ ರೇ ಕೋಮಲ, ಅಂದರೆ ಸ್ವಲ್ಪ ತಗ್ಗಿದ್ದು; ಮ ತೀವ್ರ, ಅಂದರೆ ಸ್ವಲ್ಪ ಏರಿದ್ದು; ಪಂಚಮ ಮಾತ್ರ ಎರಡರಲ್ಲೂ ಇಲ್ಲ. ವ್ಯತ್ಯಾಸ ಇರುವುದು ಎಲ್ಲಿ ನಿಲ್ಲುತ್ತಾರೆ ಅನ್ನುವುದರಲ್ಲಿ. ಪೂರಿಯಾ ಗ, ನಿ ಹಿಡಿದು ನಡೆಯುತ್ತದೆ. ಮಾರವಾಗೆ ರೇ, ಧ ಮುಖ್ಯ. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿದ್ದೆ. ಗಂಗೂಬಾಯಿ ಹಾನಗಲ್ ಅವರ ಮಾರವಾವನ್ನು ರೆಕಾರ್ಡಿನಲ್ಲಿ ಕೇಳಿಯೂ ಇದ್ದೆ. ಆದರೆ ಆವತ್ತು ಆ ಹುಡುಗ ರೇ ಮೇಲೆ ನಿಂತ. ನಿಂತೇ ಇದ್ದ. ರಾಗದ ನೆಲೆಯಾದ ಸಾ ಹತ್ತಿರ ಹೋಗುವುದು, ಮುಟ್ಟದೆ ವಾಪಸ್ ಬರುವುದು. ಹಿರಿಯರು ನನ್ನ ಕಡೆ ಬಾಗಿ ಹಿಂದಿಯಲ್ಲಿ, "ಈಗ ಸಾ ಎಷ್ಟೊತ್ತಿಗೆ ಕೊಡ್ತಾನೆ ನೋಡು" ಅಂದರು. ಸುತ್ತ ಇದ್ದವರೆಲ್ಲ ಅದನ್ನೇ ಕಾಯುತ್ತಿದ್ದಾರೆ ಅಂತ ಆಗ ಗೊತ್ತಾಯಿತು. ಹೊರಗೆ ಕತ್ತಲಾಗುತ್ತಿತ್ತು, ಪೆಂಡಾಲಿನ ಅಂಚಿನಿಂದ ಚಳಿ ಒಳಗೆ ಬರುತ್ತಿತ್ತು. ಕೊನೆಗೆ ಅವನು ಸಾಗೆ ಬಂದು ನಿಂತಾಗ ಸಾವಿರಾರು ಗಂಟಲಿನಿಂದ ಒಟ್ಟಿಗೆ ಒಂದು "ಆಹಾ" ಬಂತು. ನನ್ನ ಗಂಟಲಿನಿಂದಲೂ ಬಂತು. ಹಿರಿಯರು ನೋಟುಬುಕ್ಕಿನಲ್ಲಿ "ಮಾರವಾ" ಅಂತ ಬರೆದು ಕೆಳಗೆ ಗೆರೆ ಎಳೆದರು.

ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದೇ. ಅದೇ ರಾಗವನ್ನು ನಾನು ಇಯರ್‌ಫೋನ್ ಹಾಕಿಕೊಂಡು ಎಷ್ಟೋ ಸಲ ಕೇಳಿದ್ದೆ, ಕಾಯುವುದು ಮಾತ್ರ ಗೊತ್ತಿರಲಿಲ್ಲ. ಮೊಬೈಲಲ್ಲಿ ಬೇಸರ ಬಂದರೆ ಮುಂದಕ್ಕೆ ಓಡಿಸುತ್ತೇವೆ. ಅಲ್ಲಿ ಹಾಗೆ ಆಗಲ್ಲ. ಪಕ್ಕದವರು ಕಾಯುತ್ತಾರೆ, ಅವರ ಜೊತೆ ನಾವೂ ಕಾಯುತ್ತೇವೆ. ತಬಲಾ ಸೇರಿದ ಮೇಲಂತೂ ಇನ್ನೂ ಚೆಂದ. ಸಮ್, ಅಂದರೆ ತಾಳದ ಮೊದಲ ಏಟು, ಬಂದಾಗ ಕಣ್ಣು ಹೋದಷ್ಟು ದೂರದವರೆಗೆ ತಲೆಗಳು ಒಂದೇ ಕ್ಷಣಕ್ಕೆ ಬಾಗುತ್ತವೆ, ಗಾಳಿ ಬೀಸಿದಾಗ ಜೋಳದ ಹೊಲ ಬಾಗಿದ ಹಾಗೆ. ತಾಳದ ಲೆಕ್ಕ ಬರದವರೂ ಒಂದೆರಡು ಗಂಟೆಯಲ್ಲಿ ಸಮ್ ಹಿಡಿಯಲು ಕಲಿಯುತ್ತಾರೆ. ಯಾರೂ ಪಾಠ ಮಾಡುವುದಿಲ್ಲ.

ನಾನು ಧಾರವಾಡದವನು ಅಂತ ಗೊತ್ತಾದ ಮೇಲೆ ಆ ಹಿರಿಯರು ತಮ್ಮ ಚಾಪೆಯಲ್ಲಿ ಅರ್ಧ ನನಗೆ ಬಿಟ್ಟುಕೊಟ್ಟರು. "ಕುಂದಗೋಳಕ್ಕೆ ಹೋಗಿದ್ದೀರಾ?" ಅಂತ ಕೇಳಿದರು. ಅವರಿಗೆ ಅದು ಯಾತ್ರಾಸ್ಥಳ. ಪುಣೆಯವರು ವರ್ಷವಿಡೀ ಕಾಯುವ ಹಬ್ಬ ನಮ್ಮ ಕುಂದಗೋಳದ ಒಬ್ಬ ಗಾಯಕರ ಹೆಸರಿನಲ್ಲಿದೆ ಅನ್ನುವುದೇ ಎಷ್ಟು ದೊಡ್ಡ ಮಾತು ಅಲ್ವಾ? ರಾಮಭಾವು ಕುಂದಗೋಳಕರ್ ಅವರೇ ಸವಾಯಿ ಗಂಧರ್ವ. ಕಿರಾನಾ ಘರಾಣೆ ಅನ್ನುವ ಗಾಯನ ಪರಂಪರೆಯ ಅಬ್ದುಲ್ ಕರೀಂ ಖಾನರ ಶಿಷ್ಯ. 1952ರಲ್ಲಿ ತೀರಿಕೊಂಡರು. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಅವರ ಹತ್ತಿರ ಕಲಿತು ಬರುತ್ತಿದ್ದರು. ಹನ್ನೊಂದನೇ ವಯಸ್ಸಿಗೆ ಗದಗಿನ ಮನೆ ಬಿಟ್ಟು, ಗುರುವನ್ನು ಹುಡುಕಿಕೊಂಡು ಗ್ವಾಲಿಯರ್, ಜಲಂಧರ್ ಅಂತ ಅಲೆದ ಭೀಮಸೇನರಿಗೆ ಕೊನೆಗೆ ಗುರು ಸಿಕ್ಕಿದ್ದೂ ಮನೆ ಹತ್ತಿರದ ಇದೇ ಊರಲ್ಲಿ. ಗುರುವಿನ ಮನೆಗೆ ನೀರು ಹೊತ್ತು, ಮನೆಗೆಲಸ ಮಾಡಿ ಕಲಿತರು. ಅಂಥ ಶಿಷ್ಯ ಗುರುವಿಗಾಗಿ ಕಟ್ಟಿದ ಹಬ್ಬ ಇದು. ಆಮೇಲೆ ಅದರ ಹೆಸರಿನಲ್ಲಿ ಭೀಮಸೇನರ ಹೆಸರೂ ಸೇರಿತು. ಗುರು ಶಿಷ್ಯರಿಬ್ಬರೂ ಒಂದೇ ಹೆಸರಲ್ಲಿ ಇದ್ದಾರೆ.

ಒಂದು ವಿಷಯಕ್ಕೆ ಮಾತ್ರ ನನಗೆ ನಿಜಕ್ಕೂ ಬೇಸರ ಇದೆ. ಹಿಂದೆ ಅಲ್ಲಿ ರಾತ್ರಿಯೆಲ್ಲ ಹಾಡುತ್ತಿದ್ದರು. ಈಗ ಧ್ವನಿವರ್ಧಕದ ನಿಯಮದಿಂದಾಗಿ ಸಾಮಾನ್ಯವಾಗಿ ರಾತ್ರಿ ಹತ್ತಕ್ಕೆ ಮುಗಿಸಬೇಕು. ಅಕ್ಕಪಕ್ಕದ ಮನೆಗಳಲ್ಲಿ ಮಕ್ಕಳು, ಕಾಯಿಲೆಯವರು ಇರುತ್ತಾರೆ, ನಿಯಮ ತಪ್ಪು ಅಂತ ಹೇಳಲಾರೆ. ಆದರೆ ತಡರಾತ್ರಿ ಹಾಡಬೇಕಾದ ದರ್ಬಾರಿ, ಮಾಲಕಂಸ್‌ನಂಥ ರಾಗಗಳು ತಮ್ಮ ಹೊತ್ತನ್ನೇ ಕಳೆದುಕೊಂಡವು. ನಡುರಾತ್ರಿ ದಾಟಿದ ಮೇಲೆ, ಶಾಲು ಹೊದ್ದು, ಊರೆಲ್ಲ ಮಲಗಿರುವಾಗ ಕೇಳುವ ಮಾಲಕಂಸೇ ಬೇರೆ. ಹಿರಿಯರ ಹಳೇ ಪುಟಗಳಲ್ಲಿ ಬೆಳಗಿನ ಜಾವದ ಲಲತ್, ಬೆಳಗಿನ ತೋಡಿ ಎಲ್ಲ ಇದ್ದವು. ನಾನು ಆ ಸಾಲುಗಳನ್ನು ಬೆರಳಿಟ್ಟು ಓದಿದೆ.

ಕೊನೇ ದಿನದ ಬಗ್ಗೆ ಜಾಸ್ತಿ ಹೇಳಲ್ಲ, ನೀನೇ ಕೇಳಬೇಕು. ಎಲ್ಲರ ಹಾಡೂ ಮುಗಿದ ಮೇಲೆ ಸವಾಯಿ ಗಂಧರ್ವರ ಹಳೇ ಧ್ವನಿಮುದ್ರಿಕೆಯೊಂದನ್ನು ಹಾಕುತ್ತಾರೆ, ಭೈರವಿ ರಾಗದ್ದು. ಅದು ಅಲ್ಲಿನ ಪದ್ಧತಿ.

ಈಗ ಕೆಲಸದ ಮಾತು. 2018ರಿಂದ ಹಬ್ಬ ಮುಕುಂದನಗರದ ಮೈದಾನದಲ್ಲಿ ನಡೆಯುತ್ತಿದೆ, ರಮಣಬಾಗ್‌ಗೆ ಹೋಗಿ ಹುಡುಕಬೇಡ. ಡಿಸೆಂಬರಿನ ಪುಣೆ ಸಂಜೆಯಾದ ಮೇಲೆ ಚೆನ್ನಾಗೇ ಕೊರೆಯುತ್ತದೆ, ಸ್ವೆಟರ್ ಜೊತೆ ಕಿವಿ ಮುಚ್ಚುವಂಥದ್ದೂ ಇರಲಿ. ಬಯಲಿನ ಹಬ್ಬ ಆದ್ದರಿಂದ ಮಳೆಯ ಮರ್ಜಿಯೂ ಬೇಕು. 2014ರಲ್ಲಿ ಅಕಾಲ ಮಳೆ ಸುರಿದು ಹಬ್ಬವನ್ನೇ ಜನವರಿಗೆ ಮುಂದೂಡಿದ್ದರು. ಊಟದ ಚಿಂತೆ ಬೇಡ. ಸಾಬುದಾನಿ ವಡೆ, ಝುಣಕ ಭಾಕರಿ, ಚಹಾ ಎಲ್ಲ ಅಲ್ಲೇ ಸಿಗುತ್ತವೆ. ಆದರೆ ಆಲಾಪದ ನಡುವೆ ಎದ್ದು ಹೋಗಬೇಡ. ದೊಡ್ಡ ಹೆಸರಿನವರನ್ನು ಮಾತ್ರ ಕೇಳುತ್ತೇನೆ ಅಂತಲೂ ಬರಬೇಡ. ಮಧ್ಯಾಹ್ನ ಮೊದಲಿಗೆ ಹಾಡುವ ಹೊಸಬರನ್ನು ಕೇಳು. ಜೀವನದಲ್ಲಿ ಒಮ್ಮೆ ಸಿಗುವ ವೇದಿಕೆ ಅಂತ ಅವರು ಮೈಯೆಲ್ಲ ದನಿ ಮಾಡಿಕೊಂಡು ಹಾಡುತ್ತಾರೆ.

ವಾಪಸ್ ಬರುವಾಗ ಹುಬ್ಬಳ್ಳಿಯಲ್ಲಿ ಇಳಿ. ಅಲ್ಲಿಂದ ಕುಂದಗೋಳಕ್ಕೆ ಹೋಗಿ ನಾಡಗೀರ ವಾಡೆ (ಹಳೇ ದೊಡ್ಡ ಮನೆ) ನೋಡಿಕೊಂಡು ಬರೋಣ. ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಲ್ಲೂ ಸಂಗೀತ ನಡೆಯುತ್ತದೆ, ಅಹೋರಾತ್ರಿ. ಒಂದು ವರ್ಷ ಅದಕ್ಕೂ ಹೋಗೋಣ.

ಸೀಸನ್ ಪಾಸು ಮಾರಾಟಕ್ಕೆ ಬಂದ ಕೂಡಲೇ ಇಬ್ಬರಿಗೂ ನಾನೇ ತೆಗೆಯುತ್ತೇನೆ. ರಜೆ ಮಾತ್ರ ನೀನು ಈಗಲೇ ಹಾಕಿಬಿಡು.

ನಿನ್ನ,
ಧಾರವಾಡದ ಗೆಳೆಯ